ಹೆಡ್‌ಫೋನ್ ಕೊಳ್ಳುವ ಮುನ್ನ: ಕೂರುವ ಬಗೆ, ಕೇಳುವ ನಾದ, ಅಡಗುವ ಗದ್ದಲ

ಅಂಗಡಿಗೆ ಹೆಡ್‌ಫೋನ್ ಕೊಳ್ಳಲು ಬಂದವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು ಮೂರು: ಬೇಸ್ (ಕೆಳಸ್ತರದ ನಾದ) ಹೇಗಿದೆ, ನಾಯ್ಸ್ ಕ್ಯಾನ್ಸಲೇಷನ್ (ಹೊರಗಿನ ಗದ್ದಲವನ್ನು ಅಡಗಿಸುವ ವ್ಯವಸ್ಥೆ) ಇದೆಯೇ, ಒಮ್ಮೆ ಚಾರ್ಜ್ ಮಾಡಿದರೆ ಎಷ್ಟು ಗಂಟೆ ಬರುತ್ತದೆ. ತಲೆಗೆ ಒಪ್ಪುತ್ತದೆಯೇ, ಕಿವಿಯ ಸುತ್ತ ಸಂದಿಲ್ಲದೆ ಕೂರುತ್ತದೆಯೇ ಎಂಬ ಪ್ರಶ್ನೆ ಹೆಚ್ಚಿನವರಿಗೆ ಹೊಳೆಯುವುದು ಮನೆಗೆ ಬಂದ ಮೇಲೆ, ಒಂದು ಗಂಟೆ ಹಾಕಿಕೊಂಡು ನೆತ್ತಿ ನೋಯತೊಡಗಿದಾಗ. ಈ ಕ್ರಮ ತಲೆಕೆಳಗಾದದ್ದು. ಕುಶನ್, ಅಂದರೆ ಕಿವಿಗೆ ತಾಗುವ ಮೆತ್ತೆ, ಕಿವಿಯ ಸುತ್ತ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಬೇಸ್ ಸೋರಿಹೋಗುತ್ತದೆ, ಹೊರಗಿನ ಗದ್ದಲ ಒಳಗೆ ನುಗ್ಗುತ್ತದೆ, ಆ ಗದ್ದಲವನ್ನು ಅಡಗಿಸಲು ಇಟ್ಟ ಯಂತ್ರಾಂಶದ ಲೆಕ್ಕವೂ ತಪ್ಪುತ್ತದೆ. ಹೀಗಾಗಿ ಆರಾಮ ಎಂಬುದು ನಾದದ ಗುಣಮಟ್ಟಕ್ಕೂ ಗದ್ದಲ ನಿವಾರಣೆಗೂ ಆಧಾರವೇ ಹೊರತು, ಅವೆರಡೂ ಸಿಕ್ಕ ಮೇಲೆ ಬೇಕಾದರೆ ನೋಡಿಕೊಳ್ಳುವ ಹೆಚ್ಚುವರಿ ಸೌಕರ್ಯವಲ್ಲ. ಮುಂದಿನ ಹೆಜ್ಜೆಗಳನ್ನು ಇದೇ ಕಾರಣಕ್ಕೆ ಈ ಕ್ರಮದಲ್ಲಿ ಇಟ್ಟಿದ್ದೇನೆ.

ಮೊದಲು ನಿಮ್ಮ ಸುತ್ತಲಿನ ಸದ್ದುಗಳ ಪಟ್ಟಿ ಮಾಡಿ

ಯಾವ ಕಂಪನಿಯದು ಎಂದು ಯೋಚಿಸುವ ಮುನ್ನ ಒಂದು ವಾರ ನಿಮ್ಮ ದಿನಚರಿಯನ್ನು ಗಮನಿಸಿ, ಎಲ್ಲಿ ಕುಳಿತು ಏನನ್ನು ಕೇಳುತ್ತೀರಿ, ಆ ಹೊತ್ತಿನಲ್ಲಿ ಯಾವ ಸದ್ದು ಅಡ್ಡಬರುತ್ತದೆ ಎಂದು ಬರೆದಿಟ್ಟುಕೊಳ್ಳಿ. ರಾತ್ರಿ ಬಸ್ಸಿನ ಎಂಜಿನ್ ಮೊರೆತ, ವಿಮಾನದ ಒಳಗಿನ ಹುಯ್ಯೆನ್ನುವ ಸದ್ದು, ಕಚೇರಿಯ ಏಸಿ, ತಲೆಯ ಮೇಲಿನ ಫ್ಯಾನ್ ಇವೆಲ್ಲ ಒಂದು ಜಾತಿ. ಅಡುಗೆಮನೆಯ ಮಿಕ್ಸಿ, ಕುಕ್ಕರಿನ ವಿಷಲ್, ಬೀದಿಯ ಹಾರ್ನ್, ಪಕ್ಕದ ಮೇಜಿನವರ ಮಾತು ಇನ್ನೊಂದು ಜಾತಿ. ಮೊದಲನೆಯವು ಏಕಪ್ರಕಾರವಾಗಿ ಸಾಗುವ ಕೆಳಸ್ತರದ ಸದ್ದುಗಳು. ನಾಯ್ಸ್ ಕ್ಯಾನ್ಸಲೇಷನ್ ಇವನ್ನು ಚೆನ್ನಾಗಿ ಅಡಗಿಸುತ್ತದೆ. ಎರಡನೆಯವು ಏರುಪೇರಿನ, ಮೇಲ್‌ಸ್ತರದ ಸದ್ದುಗಳು. ಇವನ್ನು ತಡೆಯುವುದು ಬಹುಮಟ್ಟಿಗೆ ಕುಶನ್ನಿನ ದಪ್ಪ ಮತ್ತು ಮುಚ್ಚಿಕೊಳ್ಳುವ ಬಗೆ. ನಿಮ್ಮ ಪಟ್ಟಿಯಲ್ಲಿ ಎರಡನೆಯ ಜಾತಿಯೇ ಹೆಚ್ಚಾಗಿದ್ದರೆ, ನಾಯ್ಸ್ ಕ್ಯಾನ್ಸಲೇಷನ್‌ಗೆಂದೇ ಹತ್ತಾರು ಸಾವಿರ ರೂಪಾಯಿ ಹೆಚ್ಚು ಕೊಡುವುದರಲ್ಲಿ ಅರ್ಥವಿಲ್ಲ. ಮನೆಯಲ್ಲಿ ನಿಶ್ಶಬ್ದವಾದ ಕೋಣೆಯೊಂದು ಸಿಗುವವರಿಗಂತೂ ಆ ವ್ಯವಸ್ಥೆಯೇ ಬೇಕಿಲ್ಲ. ಅದೇ ಹಣಕ್ಕೆ ಇನ್ನೂ ಒಳ್ಳೆಯ ನಾದದ, ವೈರ್ ಇರುವ ಹೆಡ್‌ಫೋನ್ ಸಿಗುತ್ತದೆ.

ಬಗೆಯನ್ನು ತೀರ್ಮಾನಿಸಿ

ಕಿವಿಯನ್ನು ಪೂರ್ತಿ ಒಳಗೊಂಡು ಸುತ್ತಲೂ ಕೂರುವುದು ಓವರ್-ಇಯರ್, ಕಿವಿಯ ಮೇಲೆ ಒತ್ತಿ ಕೂರುವುದು ಆನ್-ಇಯರ್, ಕಿವಿಯ ರಂಧ್ರದೊಳಗೆ ಸೇರುವುದು ಇಯರ್‌ಫೋನ್ ಅಥವಾ ಇಯರ್‌ಬಡ್. ದಿನಕ್ಕೆ ಎರಡು ಮೂರು ಗಂಟೆ ಕೇಳುವವರಿಗೆ ಓವರ್-ಇಯರ್ ಸೂಕ್ತ. ಆನ್-ಇಯರ್ ನೋಡಲು ಚಿಕ್ಕದು, ಬೆಲೆಯೂ ಕಡಿಮೆ. ಆದರೆ ಕಿವಿಯ ಮೃದ್ವಸ್ಥಿಯನ್ನೇ ಒತ್ತುವುದರಿಂದ ಬೇಗ ನೋಯಿಸುತ್ತದೆ, ಸಂದಿಯನ್ನೂ ಪೂರ್ತಿ ಮುಚ್ಚುವುದಿಲ್ಲ. ದೀರ್ಘಕಾಲದ ಬಳಕೆಗೆ ನಾನು ಅದನ್ನು ಯಾರಿಗೂ ಹೇಳುವುದಿಲ್ಲ. ಇಯರ್‌ಬಡ್‌ಗಳು ಸೆಕೆಯ ಊರುಗಳಲ್ಲಿ, ನಡೆದಾಡುವಾಗ, ವ್ಯಾಯಾಮ ಮಾಡುವಾಗ ಅನುಕೂಲ. ಆದರೆ ರಂಧ್ರದೊಳಗೆ ಏನನ್ನಾದರೂ ತುರುಕಿಕೊಂಡರೆ ಕಿರಿಕಿರಿಯಾಗುವವರು, ಕಿವಿಯಲ್ಲಿ ಆಗಾಗ ಸೋಂಕು ಕಾಣಿಸಿಕೊಳ್ಳುವವರು ಅವುಗಳಿಂದ ದೂರವಿರುವುದೇ ಲೇಸು.

ಓವರ್-ಇಯರ್‌ನಲ್ಲಿ ಮತ್ತೆ ಎರಡು ವಿಧ. ಹಿಂಬದಿ ಮುಚ್ಚಿದ್ದು ಸದ್ದನ್ನು ಒಳಗೂ ಹೊರಗೂ ತಡೆಯುತ್ತದೆ. ಹಿಂಬದಿಗೆ ಜಾಲರಿ ಇರುವುದು ಗಾಳಿಯಾಡಲು ಬಿಡುವುದರಿಂದ ಕಿವಿ ಬೆವರುವುದು ಕಡಿಮೆ, ಸಂಗೀತವೂ ತಲೆಯೊಳಗಿನ ಬದಲು ಎದುರಿನಿಂದ ಬರುವಂತೆ ಹರಡಿಕೊಂಡು ಕೇಳಿಸುತ್ತದೆ. ಆದರೆ ಹೊರಗಿನ ಗದ್ದಲವೆಲ್ಲ ಒಳಗೆ ಬರುತ್ತದೆ, ನೀವು ಕೇಳುವುದೆಲ್ಲ ಪಕ್ಕದವರಿಗೂ ಕೇಳುತ್ತದೆ. ಅದು ಮನೆಯ ಕುರ್ಚಿಗೆ ಮೀಸಲು.

ತಲೆಯ ಮೇಲೆ ಇಪ್ಪತ್ತು ನಿಮಿಷ

ಹೆಡ್‌ಫೋನಿನ ಹಿತ ಅಥವಾ ಹಿಂಸೆ ಮೊದಲ ನಿಮಿಷದಲ್ಲಿ ಗೊತ್ತಾಗುವುದಿಲ್ಲ. ಅಂಗಡಿಯವರು ಮುಖ ಸಿಂಡರಿಸಿದರೂ ಸರಿ, ಕನಿಷ್ಠ ಇಪ್ಪತ್ತು ನಿಮಿಷ ಹಾಕಿಕೊಂಡೇ ಅಲ್ಲಿ ಓಡಾಡಿ. ಆ ಹೊತ್ತಿನಲ್ಲಿ ಗಮನಿಸಬೇಕಾದ ಜಾಗಗಳು ಮೂರು: ನೆತ್ತಿ, ದವಡೆಯ ಹಿಂಭಾಗ, ಕಿವಿಯ ಅಂಚು.

ನೆತ್ತಿಯ ನೋವಿಗೆ ಕಾರಣ ತೂಕ ಮತ್ತು ಆ ತೂಕ ಹಂಚಿಕೆಯಾಗುವ ಬಗೆ. ಸೋನಿಯ ಡಬ್ಲ್ಯೂಎಚ್-ಸಿಎಚ್720ಎನ್ ಮಾದರಿ 192 ಗ್ರಾಂ, ಅದೇ ಕಂಪನಿಯ ಡಬ್ಲ್ಯೂಎಚ್-1000ಎಕ್ಸ್‌ಎಂ5 ಸುಮಾರು 250 ಗ್ರಾಂ, ಆಪಲ್‌ನ ಏರ್‌ಪಾಡ್ಸ್ ಮ್ಯಾಕ್ಸ್ ಸುಮಾರು 385 ಗ್ರಾಂ ತೂಗುತ್ತವೆ. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಇರುವುದು ಹೆಚ್ಚುಕಡಿಮೆ ಒಂದು ಮೊಬೈಲ್ ಫೋನಿನ ತೂಕ. 250 ಗ್ರಾಮಿನ ಆಸುಪಾಸಿನದನ್ನು ಹೆಚ್ಚಿನವರು ಮರೆತು ಕೂರಬಲ್ಲರು. 300 ದಾಟಿದ ಮೇಲೆ ಹೆಡ್‌ಬ್ಯಾಂಡಿನ ವಿನ್ಯಾಸ ಬಹಳ ಚೆನ್ನಾಗಿರಬೇಕು. ಬ್ಯಾಂಡ್ ನೆತ್ತಿಯ ಒಂದೇ ಬಿಂದುವಿನಲ್ಲಿ ಊರದೆ ಅಗಲವಾಗಿ ಹರಡಿಕೊಳ್ಳುತ್ತದೆಯೇ ಎಂದು ಬೆರಳಾಡಿಸಿ ನೋಡಿ. ಕೂದಲು ವಿರಳವಾದವರಿಗೆ ಈ ವ್ಯತ್ಯಾಸ ಬೇರೆಯವರಿಗಿಂತ ಬೇಗ ತಿಳಿಯುತ್ತದೆ ಎಂಬುದನ್ನು ಸ್ವಂತ ಅನುಭವದಿಂದ ಹೇಳಬಲ್ಲೆ.

ದವಡೆಯ ಹಿಂದೆ ನೋಯುವುದು ಬಿಗಿತದಿಂದ. ಬಿಗಿತ ತೀರಾ ಕಡಿಮೆಯಾದರೆ ತಲೆ ಬಗ್ಗಿಸಿದಾಗ ಹೆಡ್‌ಫೋನ್ ಜಾರುತ್ತದೆ, ಹೆಚ್ಚಾದರೆ ಅಡಕತ್ತರಿಯಲ್ಲಿ ಸಿಕ್ಕಿದಂತಾಗುತ್ತದೆ. ಹಾಕಿಕೊಂಡು ತಲೆಯನ್ನು ಎಡಕ್ಕೆ ಬಲಕ್ಕೆ ಅಲ್ಲಾಡಿಸಿ, ನೆಲದ ಮೇಲಿನ ವಸ್ತುವನ್ನು ಎತ್ತಿಕೊಳ್ಳುವಂತೆ ಬಗ್ಗಿ, ಏನನ್ನಾದರೂ ಜಗಿಯುವಂತೆ ದವಡೆ ಆಡಿಸಿ. ಜಗಿಯುವಾಗ ಬೇಸ್ ಹೋಗಿ ಬಂದು ಮಾಡಿದರೆ ಕುಶನ್ ದವಡೆಯ ಮೂಳೆಯ ಬಳಿ ಸಂದು ಬಿಡುತ್ತಿದೆ ಎಂದರ್ಥ. ಹೊಸದರಲ್ಲಿ ಸ್ವಲ್ಪ ಬಿಗಿಯಿರುವುದು ಸಹಜ; ಕೆಲವು ವಾರ ಬಳಸಿದ ಮೇಲೆ ಸಡಿಲಗೊಳ್ಳುತ್ತದೆ. ಆದರೆ ಇಪ್ಪತ್ತು ನಿಮಿಷಕ್ಕೇ ನೋವು ಶುರುವಾದರೆ ಮುಂದೆ ಸರಿಹೋದೀತೆಂದು ನಂಬಿ ಕೊಳ್ಳಬೇಡಿ.

ಕಿವಿಯ ಅಂಚಿನ ಮಾತು ಅಳತೆಯದು. ಸ್ಕೇಲ್ ಹಿಡಿದು ಕಿವಿಯ ಉದ್ದ ಅಳೆದುಕೊಳ್ಳಿ. ವಯಸ್ಕರಲ್ಲಿ ಅದು ಸಾಮಾನ್ಯವಾಗಿ 6 ಸೆಂಟಿಮೀಟರಿನ ಆಸುಪಾಸು ಇರುತ್ತದೆ. ಕುಶನ್ನಿನ ಒಳಗಿನ ಕುಳಿ ಅದಕ್ಕಿಂತ ಉದ್ದವಾಗಿರಬೇಕು, ಜೊತೆಗೆ ಆಳವೂ ಸಾಕಷ್ಟಿರಬೇಕು. ಆಳ ಸಾಲದಿದ್ದರೆ ಕಿವಿಯ ಹೊರ ಅಂಚು ಒಳಗಿನ ಬಟ್ಟೆಗೆ ತಾಗಿ, ಅರ್ಧ ಗಂಟೆಯ ನಂತರ ಸುಡುವಂತೆ ಭಾಸವಾಗುತ್ತದೆ.

ಇನ್ನು ಕನ್ನಡಕ. ಕನ್ನಡಕದ ಕಡ್ಡಿ ಕುಶನ್ನಿನ ಅಡಿಯಲ್ಲಿ ಹಾದುಹೋಗುವ ಕಡೆ ಒಂದು ಸಣ್ಣ ಸುರಂಗವೇ ಉಂಟಾಗುತ್ತದೆ. ಬೇಸ್ ಹೊರಗೆ ಸೋರುವುದೂ ಬಸ್ಸಿನ ಮೊರೆತ ಒಳಗೆ ಬರುವುದೂ ಅಲ್ಲಿಂದಲೇ. ಮೆಮೊರಿ ಫೋಮ್ ತುಂಬಿದ ಮೆತ್ತನೆಯ ಕುಶನ್ ಕಡ್ಡಿಯ ಸುತ್ತ ತಗ್ಗಿ ಆ ಸಂದಿಯನ್ನು ಬಹುಮಟ್ಟಿಗೆ ತುಂಬುತ್ತದೆ, ಗಟ್ಟಿ ಕುಶನ್ ತುಂಬುವುದಿಲ್ಲ. ಓದಲು ಮಾತ್ರ ಕನ್ನಡಕ ಹಾಕುವವರು ಕೂಡ ಅದನ್ನು ಹಾಕಿಕೊಂಡೇ ಪರೀಕ್ಷಿಸಬೇಕು. ಇದೇ ಮಾತು ಜುಮುಕಿ, ದೊಡ್ಡ ಓಲೆ, ತುರುಬು, ಮುಡಿದ ಹೂವು, ಪೇಟ, ತಲೆವಸ್ತ್ರಗಳಿಗೂ ಅನ್ವಯಿಸುತ್ತದೆ: ನೀವು ದಿನವೂ ಹೇಗಿರುತ್ತೀರೋ ಹಾಗೆಯೇ ಅಂಗಡಿಗೆ ಹೋಗಿ. ಓಲೆಯ ತಿರುಪು ಕುಶನ್ನಿಗೂ ಕತ್ತಿಗೂ ನಡುವೆ ಸಿಕ್ಕಿ ಚುಚ್ಚುವುದು ಎಷ್ಟು ಕಿರಿಕಿರಿ ಎಂದು ವಿನ್ಯಾಸಕಾರರು ಯೋಚಿಸಿದಂತೆ ಕಾಣುವುದಿಲ್ಲ.

ಕುಶನ್ನಿನ ಹೊದಿಕೆಯನ್ನು ಹವೆಗೆ ತಕ್ಕಂತೆ ಆರಿಸಬೇಕು. ಪ್ರೋಟೀನ್ ಲೆದರ್ ಎಂಬ ಹೆಸರಿನ ಕೃತಕ ಚರ್ಮ ಚೆನ್ನಾಗಿ ಮುಚ್ಚಿಕೊಳ್ಳುತ್ತದೆ, ಆದರೆ ಬೆವರು ಮತ್ತು ತೇವಕ್ಕೆ ಸಿಪ್ಪೆ ಏಳುತ್ತದೆ. ಕರಾವಳಿಯಲ್ಲಿ ಎರಡು ಮಳೆಗಾಲ ಕಳೆದ ನನ್ನ ಹಳೆಯ ಹೆಡ್‌ಫೋನ್ ತೆಗೆದಾಗಲೆಲ್ಲ ಕಿವಿಯ ಸುತ್ತ ಕರಿ ಹುಡಿ ಮೆತ್ತಿಕೊಳ್ಳುತ್ತಿತ್ತು. ಹೊಸ ಕುಶನ್ ಬೇಕೆಂದು ಕೇಳಿದರೆ ಆ ಮಾದರಿಗೆ ಬಿಡಿಭಾಗವೇ ಬರುವುದಿಲ್ಲ ಎಂಬ ಉತ್ತರ ಸಿಕ್ಕಿತು. ಮಂಗಳೂರು, ಕಾರವಾರದಂಥ ಕಡೆ ಇರುವವರು ಕುಶನ್ ಕಳಚಲು ಬರುತ್ತದೆಯೇ, ಬದಲಿ ಜೊತೆ ಪೇಟೆಯಲ್ಲಿ ಸಿಗುತ್ತದೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು. ವೆಲ್ವೆಟ್ಟಿನಂಥ ಬಟ್ಟೆಯ ಹೊದಿಕೆ ತಂಪು, ಆದರೆ ಗಾಳಿಯಾಡುವ ದಾರಿಯಲ್ಲೇ ಗದ್ದಲವೂ ಬರುತ್ತದೆ.

ಇಯರ್‌ಬಡ್ ಆರಿಸಿಕೊಂಡವರಿಗೆ ಕುಶನ್ನಿನ ಸ್ಥಾನದಲ್ಲಿ ಸಿಲಿಕಾನ್ ತುದಿಗಳಿರುತ್ತವೆ. ಡಬ್ಬಿಯಲ್ಲಿ ಸಣ್ಣ, ಮಧ್ಯಮ, ದೊಡ್ಡ ಎಂದು ಮೂರು ಜೊತೆ ಕೊಡುತ್ತಾರೆ. ಬಹಳಷ್ಟು ಜನ ಅದರಲ್ಲಿ ಮೊದಲೇ ಹಾಕಿರುವ ಮಧ್ಯಮವನ್ನು ಬಿಟ್ಟು ಬೇರೆಯದನ್ನು ಮುಟ್ಟಿಯೂ ನೋಡುವುದಿಲ್ಲ. ಮೂರನ್ನೂ ಹಾಕಿ ನೋಡಿ. ಎಡಗಿವಿಗೆ ಒಂದು ಅಳತೆ, ಬಲಗಿವಿಗೆ ಇನ್ನೊಂದು ಅಳತೆ ಒಪ್ಪುವುದು ಅಪರೂಪವೇನಲ್ಲ. ತುದಿಯ ಅಳತೆ ಸರಿಯಾದ ಕ್ಷಣದಲ್ಲಿ ಬೇಸ್ ತಟ್ಟನೆ ತುಂಬಿಕೊಳ್ಳುತ್ತದೆ.

ಗದ್ದಲ ಅಡಗುವುದು ಹೇಗೆ, ಎಷ್ಟು

ಸದ್ದಿಗೆ ಪ್ರತಿಯಾಗಿ ಅದರದೇ ತಲೆಕೆಳಗಾದ ಅಲೆಯನ್ನು ಹೊರಡಿಸಿದರೆ ಎರಡೂ ಒಂದನ್ನೊಂದು ಅಳಿಸುತ್ತವೆ ಎಂಬ ತತ್ವ ಹಳೆಯದು. ಜರ್ಮನಿಯ ಪೌಲ್ ಲ್ಯೂಗ್ ಅವರಿಗೆ ಈ ಕುರಿತು ಅಮೆರಿಕದ ಪೇಟೆಂಟ್ 1936ರಲ್ಲೇ ಸಿಕ್ಕಿತ್ತು. ಅದನ್ನು ತಲೆಯ ಮೇಲೆ ಹೊರುವಂತೆ ಮಾಡಿದವರಲ್ಲಿ ಮುಖ್ಯರು ಬಂಗಾಳಿ ತಂದೆಯ ಮಗನಾಗಿ ಅಮೆರಿಕದಲ್ಲಿ ಹುಟ್ಟಿ ಎಂಐಟಿಯಲ್ಲಿ ಪ್ರಾಧ್ಯಾಪಕರಾಗಿದ್ದ ಅಮರ್ ಬೋಸ್. 1978ರಲ್ಲಿ ಜ್ಯೂರಿಕ್‌ನಿಂದ ಹೊರಟ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಸದ್ದಿನಿಂದಾಗಿ ಸಂಗೀತ ಸರಿಯಾಗಿ ಕೇಳದೆ, ಅಲ್ಲೇ ಕುಳಿತು ಇದರ ಲೆಕ್ಕ ಹಾಕಲು ತೊಡಗಿದರಂತೆ. ಅವರ ಕಂಪನಿಯ ಪೈಲಟ್‌ಗಳ ಹೆಡ್‌ಸೆಟ್ 1989ರಲ್ಲಿ ಬಂತು, ಸಾಮಾನ್ಯ ಗ್ರಾಹಕರ ಕ್ವಯೆಟ್‌ಕಂಫರ್ಟ್ 2000ದಲ್ಲಿ. ಇದು ಹುಟ್ಟಿದ್ದೇ ವಿಮಾನದ ಮೊರೆತಕ್ಕಾಗಿ ಎಂಬುದನ್ನು ನೆನಪಿನಲ್ಲಿಟ್ಟರೆ ಅದು ಎಲ್ಲಿ ಗೆಲ್ಲುತ್ತದೆ, ಎಲ್ಲಿ ಸೋಲುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ.

ಕಾರಣ ಅಲೆಯ ಉದ್ದದಲ್ಲಿದೆ. 100 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 100 ಸಲ ಕಂಪಿಸುವ, ಸದ್ದಿನ ಒಂದು ಅಲೆ ಗಾಳಿಯಲ್ಲಿ ಸುಮಾರು 3.4 ಮೀಟರ್ ಉದ್ದ. ಅಷ್ಟು ಉದ್ದದ, ನಿಧಾನದ ಅಲೆಯನ್ನು ಮೈಕ್‌ನಲ್ಲಿ ಹಿಡಿದು, ತಿರುಗಿಸಿ, ಸ್ಪೀಕರಿನಿಂದ ಹೊರಡಿಸುವಷ್ಟರಲ್ಲಿ ಅದು ಹೆಚ್ಚೇನೂ ಮುಂದೆ ಹೋಗಿರುವುದಿಲ್ಲ; ಎರಡೂ ಸರಿಯಾಗಿ ಎದುರುಬದುರಾಗುತ್ತವೆ. 4000 ಹರ್ಟ್ಸ್‌ನ ಅಲೆಯ ಉದ್ದ ಬರೀ 8.5 ಸೆಂಟಿಮೀಟರ್. ಅಲ್ಲಿ ಕೂದಲೆಳೆಯಷ್ಟು ತಡವಾದರೂ ಏರು ಏರಿನ ಮೇಲೆ ಬಿದ್ದು ಸದ್ದು ಕಡಿಮೆಯಾಗುವ ಬದಲು ಹೆಚ್ಚಬಹುದು. ಆದ್ದರಿಂದ ಈ ವ್ಯವಸ್ಥೆಯ ಬಲವೆಲ್ಲ ಸುಮಾರು 1000 ಹರ್ಟ್ಸ್‌ಗಿಂತ ಕೆಳಗೆ. ಅದರ ಮೇಲಿನದನ್ನು ಕುಶನ್ ಮತ್ತು ಕಿವಿಯನ್ನು ಮುಚ್ಚುವ ಕಪ್ಪಿನ (ಬಟ್ಟಲಿನ) ಗೋಡೆಯೇ ತಡೆಯಬೇಕು. ಮನುಷ್ಯರ ಮಾತಿನ ದನಿ ಕೆಳಸ್ತರದಲ್ಲಿ ಹುಟ್ಟಿದರೂ ಪದಗಳನ್ನು ಗುರುತಿಸಲು ಬೇಕಾದ ವ್ಯಂಜನಗಳ ಸದ್ದು ಬಹುಪಾಲು 1000 ಹರ್ಟ್ಸ್‌ನ ಮೇಲಿರುತ್ತದೆ. ಹಾಗಾಗಿ ಪಕ್ಕದವರ ಮಾತು ತೆಳುವಾಗುತ್ತದೆ, ಆದರೆ ಅರ್ಥವಾಗುತ್ತಲೇ ಇರುತ್ತದೆ. ಸುತ್ತಲಿನ ಮೊರೆತ ಅಡಗಿದ ಮೇಲೆ ಅದೇ ಮಾತು ಇನ್ನಷ್ಟು ಸ್ಪಷ್ಟವಾಗಿ ಕೇಳಿಸಿದಂತಾಗಿ ಅನೇಕರು ಯಂತ್ರ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ಡಬ್ಬಿಯ ಮೇಲೆ ಬರೆದಿರುವುದನ್ನು ಎಚ್ಚರದಿಂದ ಓದಿ. ಎಎನ್‌ಸಿ ಎಂದಿದ್ದರೆ ಅದು ನಿಮ್ಮ ಕಿವಿಗೆ ಬೀಳುವ ಗದ್ದಲವನ್ನು ಅಡಗಿಸುವ ವ್ಯವಸ್ಥೆ. ಇಎನ್‌ಸಿ ಎಂದಿದ್ದರೆ ಅದು ನಿಮ್ಮ ಮೈಕ್‌ನಿಂದ ಹೋಗುವ ಮಾತಿನ ಹಿಂದಿನ ಗದ್ದಲವನ್ನು ಸೋಸುವ ವ್ಯವಸ್ಥೆ; ಅದರ ಲಾಭ ಆ ಕಡೆಯ ಫೋನಿನಲ್ಲಿರುವವರಿಗೆ, ನಿಮಗಲ್ಲ. ಕಡಿಮೆ ಬೆಲೆಯ ಇಯರ್‌ಬಡ್‌ಗಳ ಡಬ್ಬಿಯ ಮೇಲೆ ಇಎನ್‌ಸಿ ಎಂಬ ಅಕ್ಷರಗಳು ದೊಡ್ಡದಾಗಿ ಮಿಂಚುತ್ತಿರುತ್ತವೆ, ಎಎನ್‌ಸಿ ಎಂದುಕೊಂಡು ಕೊಂಡು ತಂದವರು ನಮ್ಮ ನಡುವೆ ಬೇಕಾದಷ್ಟಿದ್ದಾರೆ. ಹಾಗೆಯೇ ಇಷ್ಟು ಡೆಸಿಬೆಲ್‌ವರೆಗೆ ಗದ್ದಲ ನಿವಾರಣೆ ಎಂಬ ಅಂಕಿಯಲ್ಲಿ ಆ ‘ವರೆಗೆ’ ಎಂಬ ಪದವೇ ಮುಖ್ಯ. ಅದು ಅತಿ ಚೆನ್ನಾಗಿ ಅಡಗುವ ಯಾವುದೋ ಒಂದು ಕಂಪನಾಂಕದಲ್ಲಿ ಸಿಕ್ಕ ಗರಿಷ್ಠ ಅಂಕಿಯಾಗಿರಬಹುದೇ ಹೊರತು ಎಲ್ಲ ಸದ್ದಿಗೂ ಅನ್ವಯಿಸುವುದಲ್ಲ. ಮೈಕ್‌ಗಳು ಕಪ್ಪಿನ ಹೊರಗೂ ಒಳಗೂ ಎರಡೂ ಕಡೆ ಇರುವ ಹೈಬ್ರಿಡ್ ವ್ಯವಸ್ಥೆ ಹೊರಗಷ್ಟೇ ಮೈಕ್ ಇರುವುದಕ್ಕಿಂತ ಸಾಮಾನ್ಯವಾಗಿ ಮೇಲು, ಏಕೆಂದರೆ ಕಿವಿಯ ಬಳಿ ಉಳಿದ ತಪ್ಪನ್ನು ಒಳಗಿನ ಮೈಕ್ ಕೇಳಿ ತಿದ್ದುತ್ತದೆ.

ಅಂಗಡಿಯಲ್ಲಿ ಪರೀಕ್ಷಿಸಲು ಸುಲಭ ದಾರಿಯೆಂದರೆ ಏಸಿಯ ಕೆಳಗೆ ನಿಂತು, ಸಂಗೀತ ಹಾಕದೆ, ನಾಯ್ಸ್ ಕ್ಯಾನ್ಸಲೇಷನ್ ಗುಂಡಿಯನ್ನು ಒತ್ತಿ ತೆಗೆದು ನೋಡುವುದು. ಅಲ್ಲಿ ದೊಡ್ಡ ಸ್ಪೀಕರ್ ಇದ್ದರೆ ವಿಮಾನದ ಒಳಗಿನ ಸದ್ದಿನ ಧ್ವನಿಮುದ್ರಿಕೆಯೊಂದನ್ನು ಅದರಲ್ಲಿ ಹಾಕಲು ಕೇಳಿ. ಮೊಬೈಲಿನ ಪುಟ್ಟ ಸ್ಪೀಕರಿನಿಂದ ಆ ಕೆಳಸ್ತರದ ಸದ್ದು ಹೊರಡುವುದೇ ಇಲ್ಲವಾದ್ದರಿಂದ ಅದರಿಂದ ಪ್ರಯೋಜನವಿಲ್ಲ. ಸಂಗೀತವಿಲ್ಲದಾಗ ಸಣ್ಣಗೆ ಹಿಸ್ಸೆನ್ನುವ ಸದ್ದು ಕೇಳುತ್ತದೆಯೇ, ಫ್ಯಾನಿನ ಗಾಳಿ ನೇರವಾಗಿ ಬಡಿದಾಗ ಮೈಕ್‌ನಲ್ಲಿ ಗಾಳಿಯ ಬರಬರ ಶಬ್ದವಾಗುತ್ತದೆಯೇ ಎಂದೂ ನೋಡಿ. ಕೆಲವರಿಗೆ ಈ ವ್ಯವಸ್ಥೆ ಚಾಲೂ ಆದಾಗ ಘಾಟಿ ಹತ್ತುವಾಗ ಕಿವಿ ಕಟ್ಟಿದಂತೆ ಭಾಸವಾಗುತ್ತದೆ, ತಲೆ ಭಾರವಾಗುವುದೂ ಉಂಟು. ಅಂಥವರು ತೀವ್ರತೆಯನ್ನು ಹೆಚ್ಚು ಕಡಿಮೆ ಮಾಡಲು ಬರುವ ಮಾದರಿಯನ್ನೇ ಕೊಳ್ಳಬೇಕು.

ರಸ್ತೆಯ ಮೇಲೆ ಇದನ್ನು ಬಳಸಲೇಬಾರದು. ಹೊರಗಿನ ಸದ್ದನ್ನು ಮೈಕ್ ಮೂಲಕ ಒಳಗೆ ಬಿಡುವ ಸೌಲಭ್ಯ ಇದ್ದರೂ, ಹಿಂದಿನಿಂದ ಬರುವ ವಾಹನ ಯಾವ ದಿಕ್ಕಿನದೆಂದು ಬರಿಗಿವಿಯಷ್ಟು ಚೆನ್ನಾಗಿ ಅದು ತಿಳಿಸಲಾರದು.

ನಾದವನ್ನು ಪರೀಕ್ಷಿಸುವ ಬಗೆ

ಎರಡು ಹೆಡ್‌ಫೋನ್‌ಗಳನ್ನು ಹೋಲಿಸುವಾಗ ಮೊದಲು ಅವುಗಳ ವಾಲ್ಯೂಮ್ ಸಮ ಮಾಡಿಕೊಳ್ಳಿ. ಸ್ವಲ್ಪವೇ ಜೋರಾಗಿರುವುದು ಯಾರ ಕಿವಿಗಾದರೂ ಉತ್ತಮವೆಂದೇ ಕೇಳಿಸುತ್ತದೆ; ಮಾರಾಟಗಾರರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ನಾದವನ್ನು ತಿದ್ದುವ ಈಕ್ವಲೈಜರ್, ಬೇಸ್ ಬೂಸ್ಟ್‌ಗಳನ್ನು ಆಫ್ ಮಾಡಿ. ಅಂಗಡಿಯವರು ಹಾಕುವ ಅಬ್ಬರದ ತುಣುಕನ್ನು ಬಿಟ್ಟು, ನಿಮಗೆ ಬಾಯಿಪಾಠವಾದ ಧ್ವನಿಮುದ್ರಿಕೆಗಳನ್ನು ಫೋನಿನಲ್ಲಿ ಡೌನ್‌ಲೋಡ್ ಮಾಡಿಕೊಂಡು ಹೋಗಿ. ಕಿವಿ ಈಗಾಗಲೇ ಬಲ್ಲ ಸಂಗೀತದಲ್ಲಿ ಮಾತ್ರ ತಪ್ಪು ಸಿಕ್ಕಿಬೀಳುತ್ತದೆ.

ನಮ್ಮ ಸಂಗೀತದಲ್ಲಿ ಇದಕ್ಕೆ ಬೇಕಾದ ಸಾಮಗ್ರಿ ಯಥೇಚ್ಛವಾಗಿದೆ. ಭೀಮಸೇನ ಜೋಶಿ ಅಥವಾ ಮಲ್ಲಿಕಾರ್ಜುನ ಮನ್ಸೂರರ ಯಾವುದಾದರೂ ಒಳ್ಳೆಯ ಧ್ವನಿಮುದ್ರಣದ ಆರಂಭದಲ್ಲಿ, ಹಾಡು ಶುರುವಾಗುವ ಮೊದಲು, ತಂಬೂರಿಯೊಂದೇ ನುಡಿಯುವ ಕೆಲವು ಕ್ಷಣಗಳನ್ನು ಕೇಳಿ. ತಂತಿಗಳನ್ನು ಹೊರುವ ‘ಕುದುರೆ’ ಎಂಬ ಪಟ್ಟಿಯ ಮೇಲೆ ತಂತಿಯಡಿ ಇಟ್ಟ ದಾರದಿಂದ ಹುಟ್ಟುವ ಝೇಂಕಾರದಲ್ಲಿ ಒಂದು ಸ್ವರದ ಮೇಲೆ ಇನ್ನೊಂದು ತೆರೆತೆರೆಯಾಗಿ ಏಳುವುದು ಕೇಳಬೇಕು. ಮಧ್ಯಮ ಸ್ತರ ಸರಿಯಿಲ್ಲದ ಹೆಡ್‌ಫೋನಿನಲ್ಲಿ ಅದು ಜೇನುನೊಣದ ಗುಂಯ್‌ಗುಡುವಿಕೆಯಾಗಿ ಉಳಿದುಬಿಡುತ್ತದೆ. ಬಳಿಕ ಕರ್ನಾಟಕ ಸಂಗೀತ ಕಛೇರಿಯೊಂದರ ತನಿ ಆವರ್ತನ, ಅಂದರೆ ಲಯವಾದ್ಯಗಳಷ್ಟೇ ನುಡಿಯುವ ಭಾಗ, ಹಾಕಿ. ಮೃದಂಗದ ಎಡ ಮುಖದ ಗುಮ್ಕಿ ಎಂಬ ಕೆಳಸ್ತರದ ನಾದ ಇಳಿಯುವಾಗ ಅದರ ಸ್ವರ ಬಾಗುವುದು ಗುರುತಿಗೆ ಸಿಗಬೇಕು, ಜೊತೆಗೆ ಬಲ ಮುಖದ ಚಾಪು ಎಂಬ ಪೆಟ್ಟು ಅದರಡಿ ಹೂತುಹೋಗಬಾರದು. ಬೇಸ್ ಅತಿಯಾಗಿ ಉಬ್ಬಿಸಿದ ಹೆಡ್‌ಫೋನ್‌ಗಳು ಇಲ್ಲಿಯೇ ಸೋಲುತ್ತವೆ. ಅವುಗಳಲ್ಲಿ ಗುಮ್ಕಿಯ ಬಾಗು ಅಳಿಸಿ ಎಲ್ಲ ಪೆಟ್ಟೂ ಒಂದೇ ದುಮ್ಮೆಂಬ ಸದ್ದಾಗುತ್ತದೆ.

ಮೇಲ್‌ಸ್ತರಕ್ಕೆ ಯಕ್ಷಗಾನಕ್ಕಿಂತ ಕಠಿಣ ಪರೀಕ್ಷೆ ನನಗೆ ಗೊತ್ತಿಲ್ಲ. ಚೆಂಡೆಯ ಉರುಳಿಕೆ ಬಂದಾಗ ಪ್ರತಿ ಪೆಟ್ಟೂ ಬಿಡಿಬಿಡಿಯಾಗಿ, ಆದರೆ ಕಿವಿಗೆ ಸೂಜಿ ಚುಚ್ಚದಂತೆ ಕೇಳಿಸಬೇಕು; ತೆಂಕುತಿಟ್ಟಿನ ಚಕ್ರತಾಳ ಛಿಲ್ಲೆಂದು ಸಿಡಿಯದೆ ಲೋಹದ ನಾದವಾಗಿಯೇ ಇರಬೇಕು; ಅವೆರಡರ ನಡುವೆಯೂ ಭಾಗವತರ ಸಾಹಿತ್ಯ ಪದಪದವಾಗಿ ತಿಳಿಯಬೇಕು. ಹತ್ತು ನಿಮಿಷ ಕೇಳಿ ತೆಗೆದುಬಿಡೋಣ ಎನಿಸಿದರೆ ಆ ಹೆಡ್‌ಫೋನಿನ ಮೇಲ್‌ಸ್ತರ ಅಗತ್ಯಕ್ಕಿಂತ ಚೂಪಾಗಿದೆ. ಕೊನೆಯಲ್ಲಿ ಐದು ನಿಮಿಷ ಬರೀ ಮಾತನ್ನು, ಆಕಾಶವಾಣಿಯ ವಾರ್ತೆಯನ್ನೋ ಒಂದು ಉಪನ್ಯಾಸವನ್ನೋ ಕೇಳಿ: ಸ, ಶ, ಚ ಅಕ್ಷರಗಳು ಸೀಟಿ ಹೊಡೆದಂತೆ ಕೇಳಬಾರದು, ಗಂಡು ದನಿ ಮಡಕೆಯೊಳಗಿನಿಂದ ಬಂದಂತಿರಬಾರದು.

ಇಷ್ಟನ್ನೂ ನಾಯ್ಸ್ ಕ್ಯಾನ್ಸಲೇಷನ್ ಚಾಲೂ ಇದ್ದಾಗ ಒಮ್ಮೆ, ಆರಿಸಿದಾಗ ಒಮ್ಮೆ ಕೇಳಿ. ಕೆಲವು ಮಾದರಿಗಳಲ್ಲಿ ಎರಡರ ನಡುವೆ ನಾದವೇ ಬದಲಾಗುತ್ತದೆ. ಬ್ಯಾಟರಿ ಮುಗಿದಾಗ ವೈರ್ ಹಾಕಿ ಕೇಳಲು ಬರುತ್ತದೆಯೇ, ಬಂದರೆ ಹೇಗೆ ಕೇಳುತ್ತದೆ ಎಂಬುದನ್ನೂ ನೋಡಿಕೊಳ್ಳಿ. ಒಳಗಿನ ವಿದ್ಯುನ್ಮಾನ ವ್ಯವಸ್ಥೆಯನ್ನು ನಂಬಿ ರೂಪಿಸಿದ ಹೆಡ್‌ಫೋನ್‌ಗಳು ಅದಿಲ್ಲದಾಗ ಮಂಕಾಗುವುದುಂಟು.

ಡಬ್ಬಿಯ ಮೇಲಿನ ಅಂಕಿಗಳು

20ರಿಂದ 20,000 ಹರ್ಟ್ಸ್ ಎಂಬ ಸಾಲು ಹೆಚ್ಚುಕಡಿಮೆ ಎಲ್ಲ ಡಬ್ಬಿಗಳ ಮೇಲೂ ಇರುತ್ತದೆ. ಆ ಹರವಿನಲ್ಲಿ ಏರಿಳಿತ ಎಷ್ಟು ಡೆಸಿಬೆಲ್ ಎಂದು ಹೇಳದಿದ್ದರೆ ಅದರಿಂದ ತಿಳಿಯುವುದು ಏನೂ ಇಲ್ಲ. 40 ಮಿಲಿಮೀಟರ್, 50 ಮಿಲಿಮೀಟರ್ ಎಂಬ ಡ್ರೈವರ್ (ಒಳಗಿನ ಪುಟ್ಟ ಸ್ಪೀಕರ್) ಅಳತೆಯೂ ಅಷ್ಟೇ. ದೊಡ್ಡ ಪಾತ್ರೆಯಲ್ಲಿ ಮಾಡಿದ ಸಾರು ರುಚಿಯಾಗಿರುತ್ತದೆ ಎಂದಂತೆ. ಹೈ-ರೆಸ್ ಎಂಬ ಚಿನ್ನದ ಬಣ್ಣದ ಚೀಟಿ 40,000 ಹರ್ಟ್ಸ್‌ವರೆಗಿನ ಸಾಮರ್ಥ್ಯವನ್ನು ಹೇಳುತ್ತದೆ, ಮನುಷ್ಯರ ಕಿವಿ ಎಳವೆಯಲ್ಲೂ 20,000ದ ಆಚೆ ಕೇಳುವುದಿಲ್ಲ, ನಡುವಯಸ್ಸಿನ ಹೊತ್ತಿಗೆ ಆ ಮಿತಿ ಇನ್ನೂ ಕೆಳಗಿಳಿದಿರುತ್ತದೆ.

ನಿಜವಾಗಿ ನೋಡಬೇಕಾದ ಅಂಕಿ ವೈರ್ ಇರುವ ಹೆಡ್‌ಫೋನಿನ ಇಂಪೀಡೆನ್ಸ್, ಅಂದರೆ ಅದು ವಿದ್ಯುತ್ತಿಗೆ ಒಡ್ಡುವ ತಡೆ; ಅದನ್ನು ಓಮ್‌ನಲ್ಲಿ ಅಳೆಯುತ್ತಾರೆ. ಫೋನಿಗೆ ನೇರವಾಗಿ ಸಿಕ್ಕಿಸುವವರು 16ರಿಂದ 32 ಓಮ್‌ನ ಆಸುಪಾಸಿನದನ್ನು ಆರಿಸಿ. ಬೇಯರ್‌ಡೈನಾಮಿಕ್‌ನ ಡಿಟಿ 770 ಪ್ರೊ ಒಂದೇ ಹೆಸರಿನಲ್ಲಿ 32, 80, 250 ಓಮ್‌ಗಳಲ್ಲಿ ಬರುತ್ತದೆ. ಸೆನ್‌ಹೈಸರ್‌ನ ಎಚ್‌ಡಿ 600 ಇರುವುದೇ 300 ಓಮ್. ಇಂಥ ಹೆಚ್ಚು ಓಮ್‌ನವನ್ನು ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದೆ ಫೋನಿಗೆ ಹಾಕಿದರೆ ಸದ್ದು ಸಾಲದೆ ನಿರಾಶೆಯಾಗುತ್ತದೆ, ತಪ್ಪು ಹೆಡ್‌ಫೋನಿನದಲ್ಲ.

ಬ್ಲೂಟೂತ್‌ನಲ್ಲಿ ಕೋಡೆಕ್ ಎಂಬುದು ಸಂಗೀತವನ್ನು ಕುಗ್ಗಿಸಿ ಕಳಿಸುವ ರೀತಿ. ಎಸ್‌ಬಿಸಿ ಎಲ್ಲದರಲ್ಲೂ ಇರುತ್ತದೆ. ಐಫೋನ್ ಇದ್ದವರಿಗೆ ಅದರ ಜೊತೆಗೆ ಎಎಸಿ ಮಾತ್ರ ಕೆಲಸಕ್ಕೆ ಬರುವುದರಿಂದ, ಸೆಕೆಂಡಿಗೆ 990 ಕಿಲೋಬಿಟ್‌ವರೆಗೆ ಕಳಿಸಬಲ್ಲ ಎಲ್‌ಡಿಎಸಿ ಇದೆಯೆಂದು ಅವರು ಹೆಚ್ಚು ಹಣ ಕೊಡಬೇಕಾಗಿಲ್ಲ. ಆಂಡ್ರಾಯ್ಡ್ ಬಳಸುವವರಿಗೆ ಅದು ಉಪಯುಕ್ತ, ಆದರೂ ನನ್ನ ಅಭಿಪ್ರಾಯದಲ್ಲಿ ಕುಶನ್ನಿನ ಒಂದು ಸಂದು ಮಾಡುವ ಹಾನಿಯ ಮುಂದೆ ಕೋಡೆಕ್‌ಗಳ ನಡುವಿನ ವ್ಯತ್ಯಾಸ ತೀರಾ ಚಿಕ್ಕದು.

ಕಚೇರಿಯ ಮೀಟಿಂಗ್‌ಗಳಿಗೆ ಬಳಸುವವರು ಇನ್ನೊಂದು ಸಂಗತಿ ತಿಳಿದಿರಬೇಕು. ಸಾಂಪ್ರದಾಯಿಕ ಬ್ಲೂಟೂತ್‌ನಲ್ಲಿ ಹೆಡ್‌ಫೋನಿನ ಮೈಕ್ ಚಾಲೂ ಆದ ಕ್ಷಣ ಅದು ಸಂಗೀತದ ವಿಧಾನವನ್ನು ಬಿಟ್ಟು ಕರೆಯ ವಿಧಾನಕ್ಕೆ ಬದಲಾಗುತ್ತದೆ, ಕೇಳುವ ನಾದ ಹಳೆಯ ದೂರವಾಣಿಯ ಮಟ್ಟಕ್ಕೆ ಇಳಿಯುತ್ತದೆ. ಲ್ಯಾಪ್‌ಟಾಪಿನ ಸೆಟ್ಟಿಂಗ್‌ನಲ್ಲಿ ಮೈಕ್ ಮಾತ್ರ ಲ್ಯಾಪ್‌ಟಾಪಿನದ್ದೇ ಇರುವಂತೆ ಬದಲಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ. ಫೋನ್ ಮತ್ತು ಲ್ಯಾಪ್‌ಟಾಪ್ ಎರಡಕ್ಕೂ ಒಮ್ಮೆಗೇ ಜೋಡಿಸಿಕೊಳ್ಳುವ ಮಲ್ಟಿಪಾಯಿಂಟ್ ಸೌಲಭ್ಯ ಇಂಥವರಿಗೆ ನಿಜಕ್ಕೂ ಬೇಕಾದದ್ದು.

ವಾಲ್ಯೂಮಿನ ಲೆಕ್ಕ

ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹಾಕಿಕೊಟ್ಟ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ ಅದೇ 40 ಗಂಟೆಗೆ 75 ಡೆಸಿಬೆಲ್. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಸುರಕ್ಷಿತ ಅವಧಿ ಅರ್ಧವಾಗುತ್ತದೆ, ಅಂದರೆ 83ಕ್ಕೆ 20 ಗಂಟೆ, 86ಕ್ಕೆ 10 ಗಂಟೆ, 89ಕ್ಕೆ ಬರೀ 5 ಗಂಟೆ. ನಾಯ್ಸ್ ಕ್ಯಾನ್ಸಲೇಷನ್‌ನ ಬಹುದೊಡ್ಡ ಉಪಕಾರ ನನ್ನ ಪ್ರಕಾರ ಇದೇ: ಬಸ್ಸಿನ ಮೊರೆತವನ್ನು ಮೀರಿಸಲೆಂದು ವಾಲ್ಯೂಮ್ ಏರಿಸುವ ಅಗತ್ಯ ಬೀಳುವುದಿಲ್ಲ. ಮಕ್ಕಳಿಗೆ ಕೊಳ್ಳುವಾಗ ಗರಿಷ್ಠ ವಾಲ್ಯೂಮಿಗೆ ಮಿತಿ ಇರುವ ಮಾದರಿಯನ್ನು ಕೇಳಿ, ಫೋನಿನ ಸೆಟ್ಟಿಂಗ್‌ನಲ್ಲೂ ಒಂದು ಮಿತಿ ಹಾಕಿಡಿ.

ಹಣ ಕೊಡುವಾಗ, ಕೊಟ್ಟ ಮೇಲೆ

ಭಾರತದಲ್ಲಿ ಮಾರುವ ವೈರ್‌ಲೆಸ್ ಹೆಡ್‌ಫೋನ್‌ಗಳಿಗೆ ಭಾರತೀಯ ಮಾನಕ ಬ್ಯೂರೋದಲ್ಲಿ ನೋಂದಣಿ ಕಡ್ಡಾಯ. ಡಬ್ಬಿಯ ಮೇಲೆ ಆ ಗುರುತಿನ ಜೊತೆಗೆ ಆರ್ ಅಕ್ಷರದಿಂದ ಆರಂಭವಾಗುವ ಸಂಖ್ಯೆ ಇರುತ್ತದೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರ ಹೆಸರಿನಲ್ಲಿ ನೋಂದಣಿಯಾಗಿದೆ ಎಂದು ತಿಳಿಯುತ್ತದೆ. ಹೆಸರಾಂತ ಮಾದರಿ ಅರ್ಧ ಬೆಲೆಗೆ ಸಿಗುತ್ತಿದ್ದರೆ ಮೊದಲು ಈ ಕೆಲಸ ಮಾಡಿ. ಜಿಎಸ್‌ಟಿ ಬಿಲ್ ಇಲ್ಲದೆ ಕೊಳ್ಳಬೇಡಿ, ವಾರಂಟಿ ಅದರ ಮೇಲೆಯೇ ನಿಂತಿರುತ್ತದೆ. ಸೇವಾ ಕೇಂದ್ರ ನಿಮ್ಮ ಊರಿನಲ್ಲಿದೆಯೋ, ಬೆಂಗಳೂರಿಗೆ ಪಾರ್ಸೆಲ್ ಕಳಿಸಬೇಕೋ ಎಂದು ಕೇಳಿಕೊಳ್ಳಿ. ದೂರಿಗೆ ಮಾರಾಟಗಾರರು ಕಿವಿಗೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.

ಆನ್‌ಲೈನ್‌ನಲ್ಲಿ ಕೊಳ್ಳುವವರು ವಾಪಸಾತಿಯ ಷರತ್ತನ್ನು ಅಕ್ಷರಕ್ಷರ ಓದಬೇಕು. ಕೆಟ್ಟಿದ್ದರೆ ಬದಲಿ ಕೊಡುತ್ತೇವೆ ಎನ್ನುವುದೇ ಬೇರೆ, ಒಪ್ಪಿಗೆಯಾಗದಿದ್ದರೆ ಹಣ ಹಿಂದಿರುಗಿಸುತ್ತೇವೆ ಎನ್ನುವುದೇ ಬೇರೆ. ತಲೆಗೆ ಒಪ್ಪದ ಹೆಡ್‌ಫೋನ್ ಕೆಟ್ಟದ್ದೆಂದು ಯಾರೂ ಒಪ್ಪುವುದಿಲ್ಲ. ಹಣ ವಾಪಸಿನ ಅವಕಾಶವಿದ್ದರೆ ಆ ದಿನಗಳನ್ನು ಪೂರ್ತಿ ಬಳಸಿಕೊಳ್ಳಿ: ಕುಶನ್ನಿಗೆ ಅಂಟಿಸಿದ ತೆಳು ಹಾಳೆಗಳನ್ನು ಜೋಪಾನವಾಗಿ ತೆಗೆದಿಡಿ, ಮೊದಲು ಮಾಡಿದ ಸದ್ದುಗಳ ಪಟ್ಟಿಯಲ್ಲಿರುವ ಪ್ರತಿ ಜಾಗಕ್ಕೂ ಹೆಡ್‌ಫೋನನ್ನು ಒಯ್ಯಿರಿ, ಒಂದು ದಿನವಾದರೂ ಸತತ ಎರಡು ಗಂಟೆ ಹಾಕಿಕೊಂಡಿರಿ. ಆ ಎರಡು ಗಂಟೆಯಲ್ಲಿ ಕೈ ಎಷ್ಟು ಸಲ ತಾನಾಗಿ ಮೇಲೆದ್ದು ಬ್ಯಾಂಡನ್ನು ಸರಿಪಡಿಸಿತು ಎಂದು ಮನೆಯವರನ್ನು ಎಣಿಸಲು ಹೇಳಿ. ಗಡುವು ಮುಗಿಯುವವರೆಗೆ ಡಬ್ಬಿಯನ್ನು ರದ್ದಿಗೆ ಹಾಕಬೇಡಿ.